ಹಳೆಯ ಧಾರಾವಾಹಿಯ ಹಂಬಲ: ಸೀತಾರಾಮ್ ಅವರ ಕಥನ ಮತ್ತು ಗೌರಿಬಿದನೂರು ಸೀಮೆಯ ನೋಡುಗರು

ಕುಟುಂಬ ಕೇಂದ್ರಿತವಾದ ದೀರ್ಘ ಧಾರಾವಾಹಿಗಳ ಬಗ್ಗೆ ಇಂದು ಕೇಳಿಬರುವ ಹಳಹಳಿಕೆ, ಎಂದರೆ ಕಳೆದುಹೋದ ಕಾಲವೇ ಚೆನ್ನಾಗಿತ್ತೆಂಬ ನೋವು ಬೆರೆತ ಹಂಬಲ, ಸಾಮಾನ್ಯವಾಗಿ ಯಾವುದೋ ಒಂದು ಕೃತಿಯ ಹೊಗಳಿಕೆಯಾಗಿ ಹೊರಬರುತ್ತದೆ. ಆದರೆ ಆ ಹೊಗಳಿಕೆಯನ್ನು ಬಿಡಿಸಿ ನೋಡಿದರೆ, ಅದರಲ್ಲಿ ಕೃತಿಗೆ ಸಲ್ಲಬೇಕಾದದ್ದೆಷ್ಟು, ಅದನ್ನು ನೋಡುತ್ತಿದ್ದ ಪದ್ಧತಿಗೆ ಸಲ್ಲಬೇಕಾದದ್ದೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮಟ್ಟಿಗೆ ಈ ಪ್ರಶ್ನೆಗೆ ಒಂದು ವಿಶೇಷ ಅರ್ಥವೂ ಇದೆ. ಕನ್ನಡ ಕಿರುತೆರೆಯ ಧಾರಾವಾಹಿಗೆ ವೈಚಾರಿಕ ಗಾಂಭೀರ್ಯ ತಂದುಕೊಟ್ಟವರಲ್ಲಿ ಮುಖ್ಯರಾದ ಟಿ.ಎನ್. ಸೀತಾರಾಮ್ ಅವರು ಗೌರಿಬಿದನೂರಿನಲ್ಲಿ ಬೇಸಾಯಗಾರರಾಗಿ ಬದುಕಿದವರು, ಕಾನೂನು ಓದಿದವರು, ನಾಟಕಕಾರರಾಗಿ ಹೆಸರು ಮಾಡಿದ ಮೇಲೆ ತೆರೆಗೆ ಬಂದವರು.

ಕಂತುಗಳಲ್ಲಿ ಕಥೆ ಕಾಯುವ ಅಭ್ಯಾಸ ಕನ್ನಡಿಗರಿಗೆ ದೂರದರ್ಶನದಿಂದ ಬಂದದ್ದಲ್ಲ. 'ಪ್ರಜಾಮತ'ದಂಥ ವಾರಪತ್ರಿಕೆಗಳೂ 1965ರಲ್ಲಿ ಆರಂಭವಾದ 'ಸುಧಾ'ವೂ ಕಾದಂಬರಿಗಳನ್ನು ವಾರವಾರ ಉಣಬಡಿಸಿ, ಮನೆಮಂದಿಯೆಲ್ಲ ಒಂದೇ ಪ್ರತಿಗಾಗಿ ಸರದಿ ಕಾಯುವ ಓದುಗವರ್ಗವನ್ನು ಮೊದಲೇ ಸಿದ್ಧಪಡಿಸಿದ್ದವು. 1984ರ ಜುಲೈ 7ರಂದು ಆರಂಭವಾಗಿ 1985ರ ಡಿಸೆಂಬರ್‌ನಲ್ಲಿ ಮುಗಿದ ದೂರದರ್ಶನದ 'ಹಮ್ ಲೋಗ್' ಹಿಂದಿಯಲ್ಲಿ ಮಾಡಿದ್ದನ್ನು, 1987ರ ಜನವರಿಯಿಂದ ಭಾನುವಾರದ ಬೆಳಗುಗಳನ್ನು ಆಕ್ರಮಿಸಿಕೊಂಡ 'ರಾಮಾಯಣ' ಭಾಷೆಯ ಗಡಿ ದಾಟಿಸಿತು. ಬೀದಿಗೊಂದೋ ಎರಡೋ ಪೆಟ್ಟಿಗೆಗಳಿದ್ದ ಆ ಕಾಲದಲ್ಲಿ ಮಾಳಿಗೆಯ ಮೇಲಿನ ಆಂಟೆನಾ ತಿರುಗಿಸುವವನೊಬ್ಬ, ಕೆಳಗಿನಿಂದ 'ಬಂತು, ಬಂತು, ಹೋಯ್ತು' ಎಂದು ಕೂಗುವವನೊಬ್ಬ ಇರುತ್ತಿದ್ದದ್ದು ಈಗ ಎಲ್ಲರ ನೆನಪಿನ ಸವಕಲು ನಾಣ್ಯವಾಗಿದೆ. ಅದನ್ನು ಇಲ್ಲಿ ಇನ್ನಷ್ಟು ಉಜ್ಜುವುದು ಬೇಡ.

ಗಮನಿಸಬೇಕಾದ ಸಂಗತಿ ಬೇರೆ. ವಾರಕ್ಕೊಮ್ಮೆ ಬರುವ ಕಥನದಲ್ಲಿ ಎರಡು ಕಂತುಗಳ ನಡುವಿನ ಬಿಡುವು ಕೂಡ ಕಥನದ ಭಾಗವೇ ಆಗಿರುತ್ತದೆ. ತೆರೆಯ ಮೇಲೆ ಏನೂ ನಡೆಯದ ಆ ಆರು ದಿನಗಳಲ್ಲಿ ನೋಡುಗರು ಪಾತ್ರಗಳ ಪರವಾಗಿ ವಾದಿಸುತ್ತಾರೆ, ಮುಂದಿನದನ್ನು ಊಹಿಸುತ್ತಾರೆ, ಊಹೆ ಸುಳ್ಳಾದಾಗ ಬರೆದವನನ್ನೇ ಬೈಯುತ್ತಾರೆ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಫಿಲೇಚರುಗಳಲ್ಲಿ, ಚಿಂತಾಮಣಿಯ ಹಳ್ಳಿಗಳ ಹಾಲಿನ ಡೇರಿಯ ಮುಂದಿನ ಸಾಲಿನಲ್ಲಿ, ಬಸ್ಸಿಗೆ ಕಾದು ನಿಂತ ಹೊತ್ತಿನಲ್ಲಿ ನಡೆಯಬಹುದಾಗಿದ್ದ ಈ ಮಾತುಕತೆ ಯಾವ ನಿರ್ಮಾಪಕನ ಖರ್ಚಿನ ಪಟ್ಟಿಯಲ್ಲೂ ಇರಲಿಲ್ಲವಾದರೂ, ಕಥೆಗೆ ಮೈ ತುಂಬುತ್ತಿದ್ದದ್ದು ಅಲ್ಲಿಯೇ. ಹಳೆಯ ಧಾರಾವಾಹಿಯ ಹಂಬಲದಲ್ಲಿ ಬಹುಪಾಲು ಈ ಬಿಡುವಿನ ಹಂಬಲವೆಂದು ಹೇಳಿದರೆ ತಪ್ಪಾಗದು.

ನೆನಪು ಇಲ್ಲಿ ಒಂದು ಕೈಚಳಕವನ್ನೂ ತೋರುತ್ತದೆ. ಸೀತಾರಾಮ್ ಅವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಂದಿಗೆ ನಿರ್ದೇಶಿಸಿ, 1998ರಲ್ಲಿ ದೂರದರ್ಶನದ ಕನ್ನಡ ವಾಹಿನಿಯಲ್ಲಿ ಪ್ರಸಾರ ಆರಂಭಿಸಿದ 'ಮಾಯಾಮೃಗ' ವಾರಕ್ಕೊಮ್ಮೆ ಬರುತ್ತಿದ್ದ ಧಾರಾವಾಹಿಯಲ್ಲ, ದೈನಿಕ ಧಾರಾವಾಹಿ. 2000ದ ಡಿಸೆಂಬರ್‌ನಲ್ಲಿ ಹುಟ್ಟಿದ ಈಟಿವಿ ಕನ್ನಡದಲ್ಲಿ ಮುಂದೆ ಬಂದ 'ಮನ್ವಂತರ', 'ಮುಕ್ತ'ಗಳೂ ಅದೇ ಜಾತಿಯವು. ಆದರೂ ಅವನ್ನು ನೆನೆಯುವವರು ಭಾನುವಾರದ ನಿರೀಕ್ಷೆಯನ್ನೂ ದೈನಿಕದ ರೂಢಿಯನ್ನೂ ಬೆರೆಸಿ ಒಂದೇ ಸುವರ್ಣಯುಗವನ್ನು ಕಟ್ಟಿಕೊಳ್ಳುತ್ತಾರೆ. ವಾಸ್ತವದಲ್ಲಿ ದೈನಿಕ ಧಾರಾವಾಹಿಯೇ ಆ ಬಿಡುವನ್ನು ಒಂದು ರಾತ್ರಿಗೆ ಇಳಿಸಿದ್ದರಿಂದ, ಯಾವುದರ ನಷ್ಟಕ್ಕಾಗಿ ಹಳಹಳಿಸಲಾಗುತ್ತದೆಯೋ ಆ ನಷ್ಟದ ಮೊದಲ ಕಾರಣಗಳಲ್ಲಿ 'ಮಾಯಾಮೃಗ'ವೂ ಒಂದೆಂಬುದನ್ನು ಅದರ ಅಭಿಮಾನಿಗಳು ಒಪ್ಪಬೇಕಾಗುತ್ತದೆ.

ಹಾಗೆಂದು ಕೃತಿಯ ಗುಣ ಕಡಿಮೆಯದಲ್ಲ. ಸೀತಾರಾಮ್ ಅವರ ಕಥನದ ಶಕ್ತಿ ಇರುವುದು ಮನೆಯೊಳಗಿನ ಜಗಳವನ್ನು ಮನೆಯೊಳಗೇ ಮುಗಿಸದಿರುವುದರಲ್ಲಿ. ಹೆಣ್ಣಿನ ನೌಕರಿ, ಸಾಲ, ರಾಜಕಾರಣದ ಒತ್ತಡ, ಪ್ರಾಮಾಣಿಕತೆಗೆ ತೆರಬೇಕಾದ ಬೆಲೆ ಇವೆಲ್ಲ ಊಟದ ಮನೆಯಿಂದ ಹೊರಟು ಕಚೇರಿಗೆ, ಕಚೇರಿಯಿಂದ ನ್ಯಾಯಾಲಯಕ್ಕೆ ಹೋಗಿ ನಿಲ್ಲುತ್ತವೆ. ಅವರೇ ಅಭಿನಯಿಸಿದ ವಕೀಲ ಸಿ.ಎಸ್.ಪಿ. ನಡೆಸುವ ಪಾಟಿ ಸವಾಲು, ಎಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಿ ಅವನ ಮಾತಿನ ಸತ್ವವನ್ನು ಪರೀಕ್ಷಿಸುವ ಕ್ರಮ, ಕನ್ನಡ ಕಿರುತೆರೆಗೆ ಸಂಭಾಷಣೆಯ ಹೊಸ ಬನಿಯನ್ನೇ ಕೊಟ್ಟಿತು. ಪಹಣಿಯ ತಿದ್ದುಪಡಿ, ಭಾಗಪತ್ರದ ತಕರಾರು, ಬದುವಿನ ಜಗಳಗಳಿಗಾಗಿ ತಾಲ್ಲೂಕು ನ್ಯಾಯಾಲಯದ ಆವರಣ ಸವೆಸಿದ ಕುಟುಂಬಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಅಂಥವರಿಗೆ ಧಾರಾವಾಹಿಯ ಕೊನೆಯಲ್ಲಿ ಬರುವ 'ಮುಂದುವರಿಯುವುದು' ಹೊಸದಲ್ಲ, ಅದು ಅವರು ಬಲ್ಲ ವಾಯಿದೆಯಂತೆಯೇ ಇತ್ತು. ಒಂದೇ ಅಂತರವೆಂದರೆ, ತೆರೆಯ ಮೇಲಿನ ವಾಯಿದೆ ಹೇಳಿದ ದಿನಕ್ಕೆ ಬರುತ್ತಿತ್ತು, ವಕೀಲನೂ ತಪ್ಪದೆ ಹಾಜರಿರುತ್ತಿದ್ದ. ನ್ಯಾಯ ತಡವಾಗುವ ಸಮಾಜದಲ್ಲಿ ಈ ಕಥನ ಪಡೆದ ವಿಶ್ವಾಸಕ್ಕೆ ಬಹುಶಃ ಇದೇ ಕಾರಣ.

ಅದೇ ಅದರ ದೌರ್ಬಲ್ಯವೂ ಹೌದು. ಸಿ.ಎಸ್.ಪಿ. ಮಾತಿಗೆ ನಿಂತಾಗ ಕಥೆ ಕೈಕಟ್ಟಿ ನಿಲ್ಲುತ್ತದೆ. ಪಾತ್ರಗಳು ತಮ್ಮ ಬಿಕ್ಕಟ್ಟನ್ನು ತಾವೇ ಎದುರಿಸುವ ಬದಲು ಒಬ್ಬ ಸಜ್ಜನ ವಕೀಲನ ವಾಕ್ಚಾತುರ್ಯಕ್ಕೆ ಒಪ್ಪಿಸಿಬಿಡುತ್ತವೆ. ಜನಪ್ರಿಯತೆ ಹೆಚ್ಚಿದಂತೆ ಎಳೆತವೂ ಹೆಚ್ಚಿತು. ಇದಕ್ಕಿಂತ ಮುಖ್ಯವಾಗಿ, ಈ ಕಥನದ ನಡುಮನೆ ಬಹುಮಟ್ಟಿಗೆ ಬೆಂಗಳೂರಿನ ಮಧ್ಯಮವರ್ಗದ ನಡುಮನೆ, ಅದರ ನುಡಿ ವಿದ್ಯಾವಂತರ ಶಿಷ್ಟ ಕನ್ನಡ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ ಎಂಬಂತೆ ಬದುಕುವ, ಸಂತಕವಿ ಕೈವಾರ ತಾತಯ್ಯನವರ ಪದಗಳನ್ನು ಎರಡು ಭಾಷೆಗಳಲ್ಲೂ ಹಾಡಿಕೊಂಡ ಈ ಸೀಮೆಯ ಮಾತು ಆ ತೆರೆಯಲ್ಲಿ ಕೇಳಿಸುವುದು ಅಪರೂಪ. ಡಬ್ಬಿಂಗ್ ಬೇಕೋ ಬೇಡವೋ ಎಂದು ರಾಜಧಾನಿಯಲ್ಲಿ ದಶಕಗಟ್ಟಲೆ ನಡೆದ ಚರ್ಚೆ ಚಿಂತಾಮಣಿಯ ನೋಡುಗರನ್ನು ತಟ್ಟಬೇಕಾದ ಅಗತ್ಯವೇ ಇರಲಿಲ್ಲ, ಅವರು ತೆಲುಗು ಧಾರಾವಾಹಿಯನ್ನು ತೆಲುಗಿನಲ್ಲಿಯೇ ನೋಡಬಲ್ಲವರು. ಹಾಗಿದ್ದೂ ಕನ್ನಡದ ಕಥೆಗೆ ಅವರು ಕೊಟ್ಟ ಸಂಜೆ ಭಾಷಾಭಿಮಾನದ ಯಾವ ಘೋಷಣೆಗಿಂತಲೂ ದೊಡ್ಡದು.

ಸ್ವೆಟ್ಲಾನಾ ಬೋಯ್ಮ್ ಎಂಬ ವಿದ್ವಾಂಸೆ 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹಳಹಳಿಕೆಯನ್ನು ಎರಡಾಗಿ ವಿಂಗಡಿಸುತ್ತಾರೆ: ಕಳೆದದ್ದನ್ನು ಇದ್ದಂತೆಯೇ ಮರಳಿ ಕಟ್ಟಬಯಸುವುದು ಒಂದು, ಕಳೆದದ್ದು ಕಳೆದಿದೆಯೆಂದು ಒಪ್ಪಿ ಆ ಅಂತರವನ್ನು ಕುರಿತೇ ಧ್ಯಾನಿಸುವುದು ಇನ್ನೊಂದು. 2020ರ ಮಾರ್ಚ್ 28ರಿಂದ, ಕೋವಿಡ್ ದಿಗ್ಬಂಧನದ ದಿನಗಳಲ್ಲಿ, ದೂರದರ್ಶನ 'ರಾಮಾಯಣ'ವನ್ನು ಮರುಪ್ರಸಾರ ಮಾಡಿದ್ದು ಮೊದಲನೆಯ ಬಗೆಯದು. ಅದೇ ವರ್ಷ ಸೀತಾರಾಮ್ ಅವರ 'ಮಗಳು ಜಾನಕಿ' ಕಥೆ ಮುಗಿಯುವ ಮೊದಲೇ ನಿಂತುಹೋಯಿತು; ಆ ಅಪೂರ್ಣತೆ ನೋಡುಗರಲ್ಲಿ ಉಳಿಸಿದ ಕೊರಗು ಎರಡನೆಯ ಬಗೆಗೆ ಹತ್ತಿರವಾದುದು. 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ ಬಂದ 'ಮತ್ತೆ ಮಾಯಾಮೃಗ' ಈ ಎರಡರ ನಡುವೆ ತೊಳಲಿತು: ಹಳೆಯ ಪಾತ್ರಗಳ ಮುಂದಿನ ಬದುಕನ್ನು ಹೇಳುವ ಅದರ ಸಂಕಲ್ಪ ಯೋಗ್ಯವಾದದ್ದೇ, ಆದರೆ ಒಂದೊಂದು ಕೈಯಲ್ಲೂ ಒಂದೊಂದು ತೆರೆಯಿರುವ ಮನೆಯಲ್ಲಿ ಮೊದಲಿನ ನೋಡುಗರ ಕೂಟವನ್ನು ಹೆಸರಿನ ಬಲದಿಂದ ಮರಳಿ ಕೂಡಿಸಲಾಗದು.

ಹಳೆಯ ಧಾರಾವಾಹಿಗಳು 'ಸಂಸಾರಸಮೇತ ನೋಡುವಂಥ ಶುದ್ಧ ಕಥೆಗಳು' ಎಂಬ ಮಾತನ್ನಂತೂ ಒಪ್ಪಲಾಗದು. 'ಮಾಯಾಮೃಗ', 'ಮುಕ್ತ'ಗಳು ಮುಖ್ಯವಾದದ್ದು ಕುಟುಂಬವನ್ನು ಪ್ರಶ್ನಿಸಿದ್ದರಿಂದಲೇ ಹೊರತು ಅದನ್ನು ಪೂಜಿಸಿದ್ದರಿಂದಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುತ್ತಿದ್ದರೆಂಬ ಚಿತ್ರವೂ ಅರ್ಧಸತ್ಯ. ರೇಷ್ಮೆಹುಳು ನಾಲ್ಕನೆಯ ಜ್ವರ ಎದ್ದ ಮೇಲೆ, ಎಂದರೆ ಕೊನೆಯ ಬಾರಿ ಪೊರೆ ಕಳಚಿ ಗೂಡು ಕಟ್ಟುವ ಮುನ್ನ ಎಡೆಬಿಡದೆ ಮೇಯುವ ಹಂತದಲ್ಲಿ, ಹಿಪ್ಪುನೇರಳೆ ಸೊಪ್ಪು ಹಾಕುವ ಹೆಂಗಸರಿಗೆ ಯಾವ ವಾಹಿನಿಯ ವೇಳಾಪಟ್ಟಿಯೂ ಲೆಕ್ಕಕ್ಕಿರದು. ತ್ರೀ ಫೇಸ್ ಕರೆಂಟಿಗಾಗಿ ಕಾದು ಮೋಟಾರು ಹಾಕಲು ಹೊಲಕ್ಕೆ ಹೋಗುವ ಗಂಡಸರಿಗೂ ಅಷ್ಟೆ. ಎಷ್ಟೋ ಮನೆಗಳಲ್ಲಿ ಕಥೆಯನ್ನು ನೋಡಿದವರಷ್ಟೇ ಜನ ಅಡುಗೆಮನೆಯಿಂದ ಕೇಳಿದವರು, ಮರುದಿನ ಅಕ್ಕಪಕ್ಕದವರ ಬಾಯಿಂದ ತಿಳಿದವರು. ಅವರ ಪಾಲಿನ ಹಳೆಯ ಧಾರಾವಾಹಿ ಬೇರೆಯೇ ಇದ್ದೀತು.

ಸೀತಾರಾಮ್ ಅವರ ಹಲವು ಧಾರಾವಾಹಿಗಳ ಸಂಚಿಕೆಗಳು ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ಅವನ್ನು ಹೊಗಳುವವರೂ ತೆಗಳುವವರೂ ನೆನಪಿನ ಮೇಲೆ ಭಾರ ಹಾಕದೆ, ದಿನಕ್ಕೊಂದರಂತೆ, ಸಾಧ್ಯವಾದರೆ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ನೋಡಿ ತೀರ್ಮಾನಿಸುವುದು ಒಳ್ಳೆಯದು.