ಮೇಷ್ಟ್ರನ್ನೇ ಶಿಷ್ಯ ಅಂದುಕೊಂಡಿದ್ದೆ

ಆಲ್ಬರ್ಟ್ ಕಿಂಗ್‌ನ ಗಿಟಾರನ್ನು ನಾನು ಕೇಳಿದ್ದು ಹಿಂದುಮುಂದಾಗಿ. ಮೊದಲು ಡೇವಿಡ್ ಬೋವಿಯ ‘ಲೆಟ್ಸ್ ಡಾನ್ಸ್’ (1983) ಹಾಡಲ್ಲಿ ಸ್ಟೀವಿ ರೇ ವಾನ್ ನುಡಿಸಿದ ಗಿಟಾರ್, ಆಮೇಲೆ ಎರಿಕ್ ಕ್ಲಾಪ್ಟನ್ ಇದ್ದ ‘ಕ್ರೀಮ್’ ಬ್ಯಾಂಡು, ಕೊನೆಗೆ ಕಿಂಗ್‌ನ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಆಲ್ಬಮ್. ‘ಅರೆ, ಈತ ಥೇಟ್ ವಾನ್ ಥರಾನೇ ನುಡಿಸ್ತಾನಲ್ಲ!’ ಅನ್ನಿಸ್ತು. ಆಲ್ಬಮ್ ಬಂದದ್ದು 1967ರಲ್ಲಿ ಅಂತ ನೋಡಿದ ಮೇಲೆ ನಾಚಿಕೆಯಾಯ್ತು.

ಕಿಂಗ್ ಎಡಚ. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದ, ತಂತಿಗಳ ಕ್ರಮ ಮಾತ್ರ ಬದಲಿಸಲಿಲ್ಲ. ಹಾಗಾಗಿ ಸಣ್ಣ ತಂತಿಗಳು ಮೇಲೆ ಬಂದವು. ಉಳಿದವರು ಅವನ್ನು ಮೇಲಕ್ಕೆ ತಳ್ಳಿ ಸ್ವರ ಏರಿಸಿದರೆ, ಈತ ಕೆಳಕ್ಕೆ ಜಗ್ಗುತ್ತಿದ್ದ. ಒಂದು ಕಾಲಕ್ಕೆ ಬುಲ್ಡೋಜರ್ ಓಡಿಸಿದ ಕೈ ಅದು! ವೀಣೆಯ ತಂತಿ ಎಳೆದ ಹಾಗೆ ಸ್ವರ ಏರ್ತಾ ಹೋಗುತ್ತೆ. ಮೀಟೋದಕ್ಕೆ ಪಿಕ್ ಇಲ್ಲ, ಬರೀ ಹೆಬ್ಬೆರಳು.

ಅವನ ಮೇಲೆ ಒಂದು ದೂರು ಹೇಳಬಹುದು: ಅದೇ ನಾಲ್ಕೈದು ಪಟ್ಟುಗಳನ್ನು ಮತ್ತೆ ಮತ್ತೆ ಹಾಕ್ತಾನೆ ಅಂತ. ನಿಜವೇ. ಆದರೆ ಅವನ್ನು ಎಲ್ಲಿ ಹಾಕ್ತಾನೆ, ಎಲ್ಲಿ ನಿಲ್ಲಿಸ್ತಾನೆ ಅನ್ನೋದನ್ನ ಗಮನಿಸಿ. ಒಂದು ಸಾಲು ಹಾಡ್ತಾನೆ, ಗಿಟಾರ್ ಮೂರು ಸ್ವರದಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತೆ. ಆ ಗ್ಯಾಪಿನಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ವಾದ್ಯದವರು, ಅಂದರೆ ಬುಕರ್ ಟಿ. ಮತ್ತು ಸಂಗಡಿಗರು, ಉಸಿರಾಡ್ತಾರೆ.

1983ರ ಡಿಸೆಂಬರಿನಲ್ಲಿ ಕೆನಡಾದ ಟಿವಿ ಸ್ಟುಡಿಯೋ ಒಂದರಲ್ಲಿ ಕಿಂಗ್ ಮತ್ತು ವಾನ್ ಒಟ್ಟಿಗೆ ನುಡಿಸಿದರು. ಮೇಷ್ಟ್ರಿಗೆ 60, ಶಿಷ್ಯನಿಗೆ 29. ವಾನ್ ಸುರಿಮಳೆ ಸುರಿಸ್ತಾನೆ, ಚೆನ್ನಾಗಿಯೇ ಸುರಿಸ್ತಾನೆ. ಕಿಂಗ್ ಒಂದೇ ಸ್ವರ ಜಗ್ಗಿ ಹಿಡಿದರೆ ಕಿವಿ ಅತ್ತ ಹೋಗುತ್ತೆ. ವಾನ್‌ಗೂ ಅದು ಗೊತ್ತಿತ್ತು ಅನ್ನೋದು ಅವನು ತಗ್ಗಿ ನುಡಿಸೋ ರೀತಿಯಲ್ಲೇ ಕೇಳಿಸುತ್ತೆ.

ಕಲಿತವರು ಋಣ ಮರೆಯಲಿಲ್ಲ, ಲೋಕ ಮರೆಯಿತು. 1968ರಲ್ಲಿ ಕಿಂಗ್‌ನ ಹಾಡನ್ನು ಹಾಡಿದ ಬಿಳಿಯರ ‘ಕ್ರೀಮ್’ ಬ್ಯಾಂಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿದ್ದು 1993ರಲ್ಲಿ. ಹತ್ತಿ ಬಿಡಿಸುತ್ತಾ ಬೆಳೆದ ಈ ಕಪ್ಪು ಕಲಾವಿದನಿಗೆ ಸಿಕ್ಕಿದ್ದು 2013ರಲ್ಲಿ, ತೀರಿಕೊಂಡು 20 ವರ್ಷ ಆದ ಮೇಲೆ.

ಈಗ ನಾನು ಕ್ರಮ ಬದಲಿಸಿದ್ದೀನಿ. ಮೊದಲು 1967, ಆಮೇಲೆ 1983. ವಾನ್‌ನ ಸೋಲೋದಲ್ಲಿ ಕಿಂಗ್‌ನ ಪಟ್ಟುಗಳು ಒಂದೊಂದಾಗಿ ಸಿಗ್ತವೆ. ಸಿಗದೇ ಇರೋದು ಅವುಗಳ ನಡುವೆ ಅವನು ಬಿಡುತ್ತಿದ್ದ ಖಾಲಿ ಜಾಗ.