ಕೈಚಾಚಿದ ಹಿರಿತನ

ತಮಗಾಗಿ ಕೈಚಾಚುವುದು ಕಷ್ಟ. ಊರ ಮಕ್ಕಳ ಓದಿಗಾಗಿ ಕೈಚಾಚುವುದು ದೊಡ್ಡತನ. ಅಮೆರಿಕದ ಫ್ರೆಡರಿಕ್ ಪ್ಯಾಟರ್ಸನ್ ಅಂಥ ದೊಡ್ಡವರು. ಅವರಿಗೆ ಎರಡು ವರ್ಷವಾಗುವ ಹೊತ್ತಿಗೇ ಅಪ್ಪ ಅಮ್ಮ ಇಬ್ಬರನ್ನೂ ಕ್ಷಯ ಕಸಿದುಕೊಂಡಿತು. ಅಕ್ಕನ ಆಸರೆಯಲ್ಲಿ ಬೆಳೆದ ಅವರು ಪಶುವೈದ್ಯರಾಗಿ, 1935ರಲ್ಲಿ ಅಲಬಾಮಾದ ಟಸ್ಕೆಗೀ ವಿದ್ಯಾಸಂಸ್ಥೆಯ ಅಧ್ಯಕ್ಷರಾದರು.

ಆಗ ಟಸ್ಕೆಗೀಯಂಥ ಕಪ್ಪು ಜನರ ಕಾಲೇಜುಗಳ ಬೊಕ್ಕಸ ಬರಿದಾಗಿತ್ತು. ಒಬ್ಬೊಬ್ಬ ಅಧ್ಯಕ್ಷರೂ ಬೇರೆ ಬೇರೆಯಾಗಿ ದಾನಿಗಳ ಬಾಗಿಲು ತಟ್ಟುತ್ತಿದ್ದರು. 1943ರಲ್ಲಿ ಪ್ಯಾಟರ್ಸನ್ ಪತ್ರಿಕೆಯಲ್ಲಿ ಬರೆದರು: ಎಲ್ಲರೂ ಸೇರಿ ಒಟ್ಟಿಗೆ ಕೇಳೋಣ. ಮರುವರ್ಷವೇ 27 ಕಾಲೇಜುಗಳು ಕೂಡಿ 'ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್' ಹುಟ್ಟಿತು. ಸ್ಪರ್ಧಿಗಳಾಗಬಹುದಾಗಿದ್ದವರು ಒಂದೇ ಜೋಳಿಗೆ ಹಿಡಿದರು. ಹನಿಗೂಡಿ ಹಳ್ಳವಾಯಿತು.

1987ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. ಆದರೆ ಅವರಿಗೆ ಸಲ್ಲುವ ನಿಜವಾದ ಗೌರವ ಆ ನಿಧಿ ಇಂದಿಗೂ ಕೊಡುತ್ತಿರುವ ವಿದ್ಯಾರ್ಥಿವೇತನಗಳಲ್ಲಿದೆ. ಪ್ರತಿಮೆಗೆ ವರ್ಷಕ್ಕೊಂದು ಹಾರ ಬೀಳುತ್ತದೆ. ವಿದ್ಯಾರ್ಥಿವೇತನವಾದರೋ ಪ್ರತಿ ವರ್ಷ ಹೊಸ ಮಗುವೊಂದರ ಕೈಗೆ ಪುಸ್ತಕವಾಗಿ ಬರುತ್ತದೆ. ಬೇಡಿ ತಂದು ಬೇರೆಯವರ ಬಾಳು ಕಟ್ಟಿದವರಿಗೆ ಇದಕ್ಕಿಂತ ಒಪ್ಪುವ ನೆನಪು ಬೇರೆಯಿಲ್ಲ.