ವಿಧಾನಸೌಧ: ನಿರ್ಮಾಣ ಕಥನದ ಒಂದು ಜಾನಪದೀಯ ಅವಲೋಕನ

ಬೆಂಗಳೂರಿನ ವಿಧಾನಸೌಧದ ನಿರ್ಮಾಣ ಚರಿತ್ರೆಯು ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಚರಿತ್ರೆಯಾಗಿಯೇ ಪ್ರಚಲಿತದಲ್ಲಿದೆ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ನೆರವೇರಿಸಿದಾಗ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದವರು ಕೆ.ಸಿ. ರೆಡ್ಡಿ. ಅಂದು ಉದ್ದೇಶಿಸಿದ್ದು ಸರಳವಾದೊಂದು ಕಟ್ಟಡ. 1952ರಲ್ಲಿ ಅಧಿಕಾರಕ್ಕೆ ಬಂದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಕೈಬಿಟ್ಟು, ಬಿ.ಆರ್. ಮಾಣಿಕ್ಕಂ ಅವರ ಮೇಲ್ವಿಚಾರಣೆಯಲ್ಲಿ ದ್ರಾವಿಡ ಶೈಲಿಯ ಭವ್ಯ ಸೌಧವನ್ನು ಕಟ್ಟಿಸಿದರು. ವೆಚ್ಚದ ಬಗ್ಗೆ ಟೀಕೆಗಳೆದ್ದವು. 1956ರಲ್ಲಿ ಕಟ್ಟಡವೂ ಮುಗಿಯಿತು, ಅವರ ಅಧಿಕಾರವೂ ಮುಗಿಯಿತು. ಹಟತೊಟ್ಟ ಅರಸ, ನಿಂದಕರು, ಕೆಲಸ ಕೈಗೂಡುವ ಹೊತ್ತಿಗೆ ಗಾದಿಯ ನಷ್ಟ: ಐತಿಹ್ಯಗಳ ಅಧ್ಯಯನಕಾರರಿಗೆ ಈ ಕಥನದ ಚೌಕಟ್ಟು ಅಪರಿಚಿತವಲ್ಲ.

ಈ ಚೌಕಟ್ಟಿನಲ್ಲಿ ಕಲ್ಲಿಗೆ ಸಿಕ್ಕ ಮನ್ನಣೆ ಕಲ್ಲು ಒಡೆದವರಿಗೆ ಸಿಕ್ಕಿಲ್ಲ. ಮಲ್ಲಸಂದ್ರ, ಹೆಸರಘಟ್ಟದ ಬೂದುಗಲ್ಲು, ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಗಲ್ಲು ಎಂದು ಶಿಲೆಯ ಊರುಗಳನ್ನು ಬರಹಗಳು ತಪ್ಪದೆ ಹೇಳುತ್ತವೆ. ಕಾರ್ಮಿಕರು ಮಾತ್ರ ಐದು ಸಾವಿರ, ಶಿಲ್ಪಿಗಳು ಒಂದೂವರೆ ಸಾವಿರ ಎಂಬ ಸಂಖ್ಯೆಗಳಾಗಿ ಉಳಿದಿದ್ದಾರೆ. ಹನ್ನೆರಡನೆಯ ಶತಮಾನದ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೆತ್ತಿಕೊಳ್ಳಬಲ್ಲವರಾಗಿದ್ದರು. ಪ್ರಜಾಪ್ರಭುತ್ವದ ಸೌಧದ ಮುಂಭಾಗದಲ್ಲಿ ಓದಸಿಗುವುದು ಸರ್ಕಾರದ ಕೆಲಸ ದೇವರ ಕೆಲಸವೆಂಬ ಘೋಷಣೆ.

ಕೆಲಸಗಾರರ ಕುರಿತು ಪ್ರಚಾರದಲ್ಲಿರುವ ಒಂದೇ ಒಂದು ಕಥೆಯೆಂದರೆ ಕೈದಿಗಳದ್ದು. ದುಡಿದ ಕೈದಿಗಳನ್ನು ಕಟ್ಟಡ ಮುಗಿದ ಮೇಲೆ ಬಿಡುಗಡೆ ಮಾಡಲಾಯಿತೆಂದು ಹೇಳುತ್ತಾರೆ. ‘ಕೆರೆಗೆ ಹಾರ’ದ ಪರಂಪರೆಯಲ್ಲಿ ನಿರ್ಮಾಣವು ಜೀವವನ್ನು ಬೇಡುತ್ತದೆ, ಇಲ್ಲಿ ಅದೇ ಆಶಯ ತಿರುವುಮುರುವಾಗಿ, ನಿರ್ಮಾಣವು ಜೀವಕ್ಕೆ ಬಿಡುಗಡೆ ಕೊಡುತ್ತದೆ. ಕೇಳಲು ಹಿತವಾದ ಕಥೆ. ಆದರೆ ಭಾಗೀರಥಿಯ ಹಾಡು ಬಲಿಯಾದವಳ ಕಡೆ ನಿಂತು ಅಳುತ್ತದೆ, ಈ ಕಥೆ ಬಿಡಿಸಿದವರ ಕಡೆ ನಿಂತು ಮೆಚ್ಚುತ್ತದೆ. ಕೂಲಿ, ಗಾಯ, ಗುಡಿಸಲು, ಊರು ಬಿಟ್ಟು ಬಂದ ಸಂಸಾರಗಳ ಪ್ರಶ್ನೆಗಳು ಆಳುವವರ ಕರುಣೆಯೊಳಗೆ ಕರಗಿಹೋಗುತ್ತವೆ.

ಹೋಲಿಕೆಗೆ ರಾಯಚೂರಿನ ಕೋಟೆಯನ್ನು ನೋಡಬಹುದು. ಅದರ ಗೋಡೆಯಲ್ಲಿ 41 ಅಡಿಗೂ ಮಿಕ್ಕ ಉದ್ದದ ಒಂದೇ ಶಿಲೆಯಿದೆ. ಅದರ ಮೇಲೆ 1294ರ ತೆಲುಗು ಶಾಸನವಿದೆ. ಶಾಸನವು ಕಟ್ಟಿಸಿದವರನ್ನು ಸ್ಮರಿಸುತ್ತದೆ, ಅದು ವಾಡಿಕೆ. ಗಮನಾರ್ಹವಾದುದು ಅಲ್ಲಿಯೇ ಇರುವ ಗೀರುಚಿತ್ರ. ಗಟ್ಟಿ ಗಾಲಿಯ ಬಂಡಿಯ ಮೇಲೆ ಆ ಉದ್ದನೆಯ ಕಲ್ಲು, ಎಳೆಯುವ ಕೋಣಗಳ ಸಾಲು, ನಡುನಡುವೆ ಹೊಡೆಯುವವರು, ಹಿಂದಿನಿಂದ ಗಾಲಿಗೆ ಸನ್ನೆಕೋಲು ಕೊಡುವ ಆಳುಗಳು. ಅಲ್ಲಿಯೂ ಹೆಸರುಗಳಿಲ್ಲ, ನಿಜ. ಆದರೆ ಕಲ್ಲು ತಾನಾಗಿ ನಡೆದು ಬರಲಿಲ್ಲವೆಂಬುದಕ್ಕೆ ಗೋಡೆಯೇ ಸಾಕ್ಷಿ.

ಅದೇ ಜಿಲ್ಲೆಯ ಮಾನ್ವಿ ಸೀಮೆಯ ಹಿರೇಕೊಟ್ನೆಕಲ್‌ನಂತಹ ಊರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅವುಗಳ ಪಾಲಿಗೆ ವಿಧಾನಸೌಧವು ಸಿದ್ಧವಾಗಿಯೇ ದೊರೆತ ಕಟ್ಟಡ. ಕಟ್ಟುವ ಕಾಲದ ನೆನಪು ಅಲ್ಲಿಲ್ಲ. ಆ ನೆನಪನ್ನು ಹುಡುಕಬೇಕಾದುದು ಮಲ್ಲಸಂದ್ರ, ಮಾಗಡಿ, ತುರುವೇಕೆರೆಗಳ ಕಲ್ಲುಕುಟಿಗರ ಕೇರಿಗಳಲ್ಲಿ: ಭಾರ ಎತ್ತುವಾಗಿನ ಪದಗಳಲ್ಲಿ, ಮನೆತನದ ಹೇಳಿಕೆಗಳಲ್ಲಿ. 1956ರಲ್ಲಿ ಇಪ್ಪತ್ತರ ಹರೆಯದಲ್ಲಿ ಉಳಿ ಹಿಡಿದಿದ್ದವರು ಬದುಕಿದ್ದರೆ ಈಗ ತೊಂಬತ್ತರ ಆಸುಪಾಸಿನಲ್ಲಿರುತ್ತಾರೆ.